ಏಳನೆಯ ಹಾಡಿನ ಅರ್ಧ ರೊಟ್ಟಿ

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಅದೂ ಪೂರ್ತಿ ಅಲ್ಲ. ಪರೀಕ್ಷೆಯ ಹೊತ್ತಿಗೆ ತಂಗಿಗೆ ದಡಾರ ಎದ್ದಿತು, ಅವಳನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವಳು ಮತ್ತೆ ಸಾಲಿಯ ಕಡೆ ಮುಖ ಹಾಕಲಿಲ್ಲ. ಅಂಥವಳ ಕೈಸಪ್ಪಳವನ್ನು ಈಗ ಯಾವ ಯಾವ ದೇಶದವರೋ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೇಳುತ್ತಿದ್ದಾರೆ. ಇದನ್ನು ಯಾರಿಗೂ ಹೇಳದೆ ಕೂತರೆ ನನಗೆ ಉಂಡದ್ದು ಅರಗುವುದಿಲ್ಲ. ರೈಲಿನಲ್ಲಿ ಪಕ್ಕ ಕೂತವರಿಗೆ ಹೇಳಿದೆ. ಟಪಾಲು ತರುವವಳಿಗೆ ಹೇಳಿದೆ. ಮೂಲೆಯಲ್ಲಿ ಹಾಲು, ಬ್ರೆಡ್ಡು ಮಾರುವ ಅಂಗಡಿ ಇದೆ, ಅದಕ್ಕೆ ಇಲ್ಲಿ ಡೈರಿ ಅನ್ನುತ್ತಾರೆ. ಆ ಡೈರಿಯವನಿಗೆ ಎರಡು ಸಲ ಹೇಳಿದೆ. ಮೂರನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ಅವನು ಹಾಲಿನ ಡಬ್ಬಿ ನನ್ನ ಕೈಗೆ ಕೊಟ್ಟು, ಗೊತ್ತು ಆಂಟಿ, ರೊಟ್ಟಿ, ಅಂದ. ಇನ್ನು ಉಳಿದದ್ದು ಕಾಗದ ಒಂದೇ. ಅದು ಸುಮ್ಮನೆ ಕೇಳುತ್ತದೆ.

ನಾವಿರುವುದು ಪರದೇಶದಲ್ಲಿ, ತಕಾನಿನಿ ಅನ್ನುವ ಬಡಾವಣೆಯಲ್ಲಿ. ಹೊಸ ಮನೆಗಳ ಸಾಲು, ಎಲ್ಲವೂ ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿದ ಹಾಗೆ. ಬಂದ ಹೊಸದರಲ್ಲಿ ನಾನು ಎರಡು ಸಲ ಬೇರೆಯವರ ಬಾಗಿಲಿಗೆ ಕೀಲಿ ಹಾಕಿ ತಿರುವಿದ್ದೇನೆ. ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು, ನಾನು. ಸೊಸೆ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾಳೆ, ಅವಳು ಮನೆಗೆ ಬರುವುದು ಮಲಗಲು. ಮಗ ಸೇತುವೆ ಕಟ್ಟುವ ಇಂಜಿನಿಯರು. ಸೋಮವಾರ ನಸುಕಿನಲ್ಲಿ ವಿಮಾನ ಹತ್ತಿ ಕ್ರೈಸ್ಟ್‌ಚರ್ಚಿಗೆ ಹೋದರೆ ಶುಕ್ರವಾರ ಸಂಜೆ ವಾಪಸು. ಹೀಗಾಗಿ ವಾರದ ಐದು ದಿನ ಮನೆಯ ಕಾರುಬಾರು ನನ್ನದು ಮತ್ತು ಮೊಮ್ಮಗಳದು.

ಈ ಮೊಮ್ಮಗಳು ಒಂಬತ್ತು ತಿಂಗಳ ಕೂಸಿದ್ದಾಗಿಂದ ನನ್ನ ಮಡಿಲಲ್ಲಿ ಬೆಳೆದವಳು. ಅಪ್ಪನ ಹಾಗೆಯೇ ಸೇತುವೆಯ ವಿದ್ಯೆ ಓದಿದಳು, ಒಂದು ವರ್ಷ ಆಫೀಸಿನಲ್ಲಿ ಕೂತಳು. ಆಮೇಲೆ ಒಂದು ದಿನ ಊಟದ ನಡುವೆ, ನನಗೆ ಸೇತುವೆ ಬೇಡ, ಸಪ್ಪಳದ ಕೆಲಸ ಮಾಡುತ್ತೇನೆ, ಅಂದಳು. ಹಾಡುವವರ ದನಿ ಹಿಡಿದು, ಸೋಸಿ, ಉಪ್ಪು ಖಾರ ನೋಡಿ ಹದಕ್ಕೆ ತರುವ ಕೆಲಸ ಅಂತ ನನಗೆ ಬಿಡಿಸಿ ಹೇಳಿದಳು. ನನಗೆ ತಿಳಿಯಿತು, ಅದೂ ಅಡುಗೆಯೇ. ಮಗನಿಗೆ ತಿಳಿಯಲಿಲ್ಲ. ಮೂರು ವಾರ ಅಪ್ಪ ಮಗಳು ನನ್ನ ಮೂಲಕವೇ ಮಾತಾಡಿದರು. ಉಪ್ಪು ಬೇಕಾದರೂ ಅವ್ವಾ, ಅಕಿಗೆ ಉಪ್ಪು ಕೊಡಾಕ ಹೇಳು, ಅನ್ನುತ್ತಿದ್ದ. ಉಪ್ಪು ಅವಳ ಕೈಯ ಮುಂದೆಯೇ ಇರುತ್ತಿತ್ತು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಆಫೀಸಿನವರು ಒಳ್ಳೆಯವರು, ಚಳಿಗಾಲ ಮುಗಿಯುವವರೆಗೆ ಅವಳ ಜಾಗ ಹಿಡಿದಿಡುತ್ತೇವೆ ಅಂದಿದ್ದರು. ಅಷ್ಟರೊಳಗೆ ಅವಳು ಒಂದು ಆಲ್ಬಮ್ ಮಾಡಿ ಮುಗಿಸಬೇಕು.

“ಅದನ್ನ ಮಂದಿ ಕೇಳಬೇಕು,” ಅಂದ ಮಗ. “ನಮ್ಮ ಮಂದಿ ಅಲ್ಲ, ಗುರ್ತಾ ಇಲ್ಲದವರು. ಕೇಳಿ ಚಲೋ ಅದ ಅನ್ನಬೇಕು. ಇಲ್ಲಂದ್ರ ಚಳಿಗಾಲ ಮುಗದ ಮರುದಿನ ಆಫೀಸು.”

ಅವಳು ತಲೆ ಆಡಿಸಿದಳು. ಆ ರಾತ್ರಿ ನನ್ನ ಮಗ್ಗುಲಲ್ಲಿ ಬಂದು ಮಲಗಿದಳು, ಸಣ್ಣವಳಿದ್ದಾಗ ಮಲಗಿದ ಹಾಗೆ. ಅವಳ ಕಾಲು ತಣ್ಣಗಿತ್ತು.

ಮರುದಿನದಿಂದ ಕಾರು ನಿಲ್ಲಿಸುವ ಗ್ಯಾರೇಜು ಸ್ಟುಡಿಯೋ ಆಯಿತು. ನನಗೆ ಸ್ಟುಡಿಯೋ ಅಂದರೆ ಗದಗದಲ್ಲಿ ಮದುವೆಯಾದ ಹೊಸದರಲ್ಲಿ ಫೋಟೋ ತೆಗೆಸಿಕೊಂಡದ್ದು. ಹಿಂದೆ ಬಣ್ಣದಲ್ಲಿ ಬರೆದ ನವಿಲು, ಪಕ್ಕದಲ್ಲಿ ಕಾಗದದ ಹೂವು. ಇಲ್ಲಿ ನವಿಲಿಲ್ಲ. ಗೋಡೆಗೆ ಮೆತ್ತನೆಯದು ಏನಾದರೂ ಬೇಕು, ಇಲ್ಲದಿದ್ದರೆ ದನಿ ಪುಟಿದು ಹಾಳಾಗುತ್ತದೆ ಅಂದಳು. ಊರಿಂದ ಬರುವಾಗ ನಾನು ನಾಲ್ಕು ಕೌದಿ ಹೊತ್ತು ತಂದಿದ್ದೆ, ಹಳೆಯ ಸೀರೆ, ಅಂಗಿ ಕೂಡಿಸಿ ನಾನೇ ಹೊಲಿದವು. ಮೂರು ಕೌದಿ ಮೂರು ಗೋಡೆಗೆ ಹೋದವು. ನಾಲ್ಕನೆಯದು ಮಗನ ಹಾಸಿಗೆಯಲ್ಲಿತ್ತು. ಅವನು ಹೈಸ್ಕೂಲಿನಲ್ಲಿದ್ದಾಗಿಂದ ಅದನ್ನೇ ಹೊದೆಯುತ್ತಾನೆ, ಮೂಲೆಯಲ್ಲಿ ಅವರಪ್ಪನ ಪಟ್ಟಾಪಟ್ಟಿ ಚಡ್ಡಿಯ ತುಂಡೂ ಇದೆ. ಅದನ್ನು ಕೇಳಿದ್ದಕ್ಕೆ ನನ್ನ ಕೌದಿ ಒಂದು ಬಿಟ್ಟು ಬೇಕಾದ್ದು ಒಯ್ಯಿರಿ, ಅಂದ. ಹಾಗಾಗಿ ನಾಲ್ಕನೆಯ ಗೋಡೆ ಬರಿದೇ ಉಳಿಯಿತು. ಅದು ಗ್ಯಾರೇಜಿಗೂ ನನ್ನ ಅಡುಗೆಮನೆಗೂ ನಡುವಿನ ಗೋಡೆ.

ಹಾಡಲು ಬಂದವನು ನೈಜೀರಿಯಾದವನು. ವಯಸ್ಸು ಮೂವತ್ತರ ಆಚೆ. ಹಗಲು ಕಟ್ಟಡಗಳಿಗೆ ಕಬ್ಬಿಣದ ಅಟ್ಟ ಕಟ್ಟುವ ಕೆಲಸ, ಬಿಡುವಿನಲ್ಲಿ ಹಾಡು. ಹಾಡು ಅಂದರೆ ರಾಗ ಎಳೆಯುವುದಲ್ಲ; ಮಾತನ್ನೇ ಗಡಗಡ ಬಂಡಿ ಓಡಿಸಿದ ಹಾಗೆ ಓಡಿಸುವುದು, ಆದರೆ ಗಾಲಿ ತಪ್ಪಬಾರದು. ಎರಡು ಆಲ್ಬಮ್ ಈಗಾಗಲೇ ತಂದಿದ್ದನಂತೆ, ಅವನ ಗೆಳೆಯರು ಬಿಟ್ಟು ಬೇರೆ ಯಾರೂ ಕೇಳಿರಲಿಲ್ಲವಂತೆ. ಇದು ಮೂರನೆಯದು. ಇಬ್ಬರದೂ ಒಂದೇ ಪರೀಕ್ಷೆ ಅಂತ ನಾನು ಮನಸ್ಸಿನಲ್ಲಿ ಅಂದುಕೊಂಡೆ.

ಮೊದಲ ದಿನ ಅವನು ಹಿಂದೆ ಸಾಮಾನು ಹೇರುವ ತನ್ನ ಯೂಟ್ ಬಂಡಿ ನಿಲ್ಲಿಸಿ, ಕಿತ್ತಳೆ ಬಣ್ಣದ ಜಾಕೀಟಿನಲ್ಲೇ ಒಳಗೆ ಬಂದ. ಬಾಗಿಲಲ್ಲಿ ನನ್ನ ಬಿಳಿ ಕೂದಲು ಕಂಡದ್ದೇ ಬಗ್ಗಿ, ಮೊಣಕಾಲೂರಿ, ಕೈಯನ್ನು ನೆಲಕ್ಕೆ ಮುಟ್ಟಿಸಿದ. ಏನೋ ಕೆಳಗೆ ಬಿತ್ತು, ಹುಡುಕುತ್ತಿದ್ದಾನೆ ಅಂತ ನಾನೂ ಬಗ್ಗಿದೆ. ಮೊಮ್ಮಗಳು ನಕ್ಕು, ಅವರ ಕಡೆ ಹಿರಿಯರಿಗೆ ನಮಸ್ಕಾರ ಮಾಡುವುದೇ ಹೀಗೆ, ಅಂದಳು. ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು ನಾನು ಈ ದೇಶಕ್ಕೆ ಬಂದು. ನಮ್ಮವರ ಮಕ್ಕಳೆಲ್ಲ ದೂರದಿಂದ ಹಾಯ್ ಆಂಟಿ ಅಂದು ಕೈ ಆಡಿಸುತ್ತಾರೆ. ಅವತ್ತೇ ನಾನು ಅವನ ಪಕ್ಷ.

ಅವನಿಗೆ ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಖಾರದ ಚಟ್ನಿ ಕೊಟ್ಟೆ. ಚಟ್ನಿ ಸ್ವಲ್ಪವೇ ಹಾಕಿದ್ದೆ, ಪರದೇಶದವನು, ಕಣ್ಣಲ್ಲಿ ನೀರು ಬಂದೀತು ಅಂತ. ಅವನು ತಿಂದು, ಇಷ್ಟೇನಾ ಖಾರ ಅನ್ನುವ ಹಾಗೆ ತಾಟು ಮುಂದೆ ಮಾಡಿದ. ನಾನು ಇನ್ನಷ್ಟು ಹಾಕಿದೆ. ಮತ್ತೆ ಮುಂದೆ ಮಾಡಿದ. ಈ ದೇಶದಲ್ಲಿ ನನ್ನ ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡವನು ಅವನೊಬ್ಬನೇ. ಅವನ ತಾಯಿ ಅವರೂರಿನ ಬಸ್ ನಿಲ್ದಾಣದ ಹತ್ತಿರ ಅಲಸಂದಿ ರುಬ್ಬಿ ವಡೆ ಕರಿದು ಮಾರುತ್ತಿದ್ದಳಂತೆ. ಬೆಳಿಗ್ಗೆ ಅವಳು ರುಬ್ಬುವ, ಕುಟ್ಟುವ ಸಪ್ಪಳಕ್ಕೆ ಇವನಿಗೆ ಎಚ್ಚರವಾಗುತ್ತಿತ್ತಂತೆ. ಆಲ್ಬಮ್ಮಿನ ಏಳನೆಯ ಹಾಡು ಅವಳದೇ. ಅವಳನ್ನು ನೋಡಿ ಆರು ವರ್ಷವಾಗಿದೆ ಅಂದಾಗ ನಾನು ಇನ್ನೊಂದು ರೊಟ್ಟಿ ಹಾಕಿದೆ. ಮತ್ತೇನು ಮಾಡಲಿ, ನನಗೆ ಇಂಗ್ಲಿಷು ಅಷ್ಟಕ್ಕಷ್ಟೆ.

ಈಗ ನನ್ನ ತಪ್ಪು ಹೇಳುತ್ತೇನೆ.

ದನಿ ಹಿಡಿಯುವಾಗ ಮನೆಯಲ್ಲಿ ಯಾರೂ ಸಪ್ಪಳ ಮಾಡಬಾರದು. ನನಗೆ ಗೊತ್ತಾಗಲಿ ಅಂತ ಮೊಮ್ಮಗಳು ಒಂದು ಗುರುತು ಮಾಡಿದ್ದಳು. ನನ್ನ ಪೆಟ್ಟಿಗೆಯಿಂದ ಕುಪ್ಪಸದ ಹೊಸ ಕೆಂಪು ಖಣ ಒಂದನ್ನು ತೆಗೆದು ಗ್ಯಾರೇಜಿನ ಒಳಬಾಗಿಲ ಹಿಡಿಕೆಗೆ ಸಿಕ್ಕಿಸುತ್ತಿದ್ದಳು. ಖಣ ಕಂಡರೆ ಮಿಕ್ಸರ್ ಇಲ್ಲ, ನಲ್ಲಿ ಇಲ್ಲ, ಕೆಮ್ಮೂ ಇಲ್ಲ. ನಾನು ಎರಡು ತಿಂಗಳು ಶಿಸ್ತಾಗಿ ಪಾಲಿಸಿದೆ.

ಆ ಶನಿವಾರ ಮಗ ಕೆಲಸ ಮುಗಿಯದೆ ಕ್ರೈಸ್ಟ್‌ಚರ್ಚಿನಲ್ಲೇ ಉಳಿದಿದ್ದ. ಜಾನ್ಸನ್‌ವಿಲ್‌ನಿಂದ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಳು, ಮದುವೆಯಾಗಿ ಮೊದಲ ಸಲ ನಮ್ಮ ಮನೆಗೆ. ಹೊರಟು ನಿಂತಾಗ ಅವಳನ್ನು ಬರಿಗೈಯಲ್ಲಿ ಕಳಿಸುವುದುಂಟೇ. ಉಡಿ ತುಂಬಬೇಕು, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕುಂಕುಮ ಎಲ್ಲ ಇತ್ತು, ಖಣ ಇರಲಿಲ್ಲ. ಪೆಟ್ಟಿಗೆಯಲ್ಲಿದ್ದ ಕೊನೆಯ ಖಣ ಬಾಗಿಲಲ್ಲಿ ನೇತಾಡುತ್ತಿತ್ತು. ಹೊರಗೆ ಅವಳ ಗಂಡ ಕಾರು ಚಾಲೂ ಮಾಡಿ ಕೂತಿದ್ದ. ನಾನು ಹಿಡಿಕೆಯಿಂದ ಖಣ ತೆಗೆದೆ, ಕೊಡವಿದೆ, ಮಡಿಸಿದೆ, ಉಡಿಗೆ ಹಾಕಿದೆ. ಅವಳು ನಮಸ್ಕರಿಸಿ ಹೋದಳು. ಮನಸ್ಸು ತುಂಬಿ ಬಂತು. ತುಂಬಿದ ಮನಸ್ಸಿನಲ್ಲೇ ಅಡುಗೆಮನೆಗೆ ಹೋಗಿ ಎಸರಿಗೆ ನೀರಿಟ್ಟು ಹಿಟ್ಟು ನಾದಿದೆ.

ಬಾಗಿಲಲ್ಲಿ ಖಣ ಇರಲಿಲ್ಲವಲ್ಲ. ಗೋಡೆಯ ಆಚೆಯಿಂದ ಅವನ ದನಿ ಕೇಳುತ್ತಿತ್ತು, ನಿಜ. ಆದರೆ ಅವರು ಹಿಡಿದದ್ದನ್ನೇ ಹತ್ತು ಸಲ ಹಚ್ಚಿ ಕೇಳುವುದು ದಿನದ ಮಾತು. ಅದೇ ಇರಬೇಕು ಅಂದುಕೊಂಡೆ. ಅದು ತಾಯಿಯ ಹಾಡು. ಮಾತು ತಿಳಿಯದಿದ್ದರೂ ಅವನ ದನಿ ಒಂದು ಕಡೆ ಇಳಿದು, ಮತ್ತೆ ತಡವರಿಸಿ ಮೇಲೆ ಏಳುವುದು ಗೊತ್ತಾಗುತ್ತಿತ್ತು. ನನ್ನ ಕೈ ತನ್ನಷ್ಟಕ್ಕೆ ಅದರ ಹಿಂದೆ ಹೋಯಿತು. ಎರಡು ಸಣ್ಣ ಬಡಿತ, ಒಂದು ದೊಡ್ಡದು, ಆಮೇಲೆ ರೊಟ್ಟಿ ಸರ್ ಅಂತ ತಿರುಗುವುದು, ಬಳೆ ಕಿಣ್ ಅನ್ನುವುದು. ಮೂರನೆಯ ರೊಟ್ಟಿ ಅರ್ಧ ಅಗಲವಾಗಿತ್ತು. ಬಾಗಿಲು ಧಡಕ್ಕನೆ ತೆಗೆದು ಮೊಮ್ಮಗಳು ಓಡಿ ಬಂದು ನನ್ನ ಮುಂಗೈ ಹಿಡಿದಳು.

“ಅಜ್ಜಿ, ಸ್ಟಾಪ್. ಪ್ಲೀಸ್. ರೊಟ್ಟಿ ಬ್ಯಾಡ.”

ಅವಳ ಮುಖ ನೋಡಿ ನಾನು ಒಲೆ ಆರಿಸಿದೆ. ಆಚೆ ಕಡೆ ಅವನು ಆ ಹಾಡನ್ನು ಎರಡು ವಾರದಿಂದ ಹಾಡಲಾರದೆ ನಡುವೆಯೇ ಬಿಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದನಂತೆ. ಅವತ್ತು ಮೊದಲ ಸಲ ಪೂರ್ತಿ ಹಾಡಿದ್ದ, ಅದಕ್ಕೇ ಅವಳು ನಡುವೆ ತಡೆಯದೆ ಮುಗಿಯುವವರೆಗೆ ಕಾದಿದ್ದಳು. ಅದರ ಕೆಳಗೆ ಉದ್ದಕ್ಕೂ ನನ್ನ ರೊಟ್ಟಿ. ಅನ್ನಕ್ಕೆ ಬೆರೆತ ಉಪ್ಪಿನ ಹಾಗೆ, ತೆಗೆಯಲು ಬರುವುದಿಲ್ಲ ಅಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾಲ್ಕು ದಿನ ನಾನು ರೊಟ್ಟಿ ಮಾಡಲಿಲ್ಲ, ಮನೆಮಂದಿಯೆಲ್ಲ ಬ್ರೆಡ್ಡು ತಿಂದರು. ಅಷ್ಟು ದೊಡ್ಡ ಶಿಕ್ಷೆಯನ್ನು ನಾನು ನನಗೆ ಕೊಟ್ಟುಕೊಂಡೆನೋ ಅವರಿಗೆ ಕೊಟ್ಟೆನೋ, ಅದನ್ನು ಸೊಸೆ ಇನ್ನೂ ಕೇಳುತ್ತಾಳೆ.

ಐದನೆಯ ದಿನ ಅವನು ಬಂದು, ಹಾಳಾದ ಹಾಡನ್ನು ಒಂದು ಸಲ ಕೇಳಿ ಅಳಿಸೋಣ ಅಂದನಂತೆ. ಕೇಳಿದರು. ಮತ್ತೊಮ್ಮೆ ಕೇಳಿದರು. ಆಮೇಲೆ ಅವನು ಅಡುಗೆಮನೆಗೆ ಬಂದು, ನನ್ನ ಎರಡೂ ಅಂಗೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ, ಅಂಗಡಿಯಲ್ಲಿ ಸಾಮಾನು ನೋಡುವ ಹಾಗೆ. ಇದು ಇರಲಿ, ಇದನ್ನು ತೆಗೆದರೆ ಹಾಡೂ ಬೇಡ ಅಂದ ಅಂತ ಮೊಮ್ಮಗಳು ಕನ್ನಡ ಮಾಡಿ ಹೇಳಿದಳು. ಅವಳಿಗೆ ಮಾತ್ರ ಸಮಾಧಾನವಿಲ್ಲ, ಇನ್ನೊಂದು ಸಲ ಚೊಕ್ಕಟವಾಗಿ ಹಿಡಿಯೋಣ ಅಂತ ನನ್ನ ರೊಟ್ಟಿ ಹಲಗೆಯನ್ನೇ ಗ್ಯಾರೇಜಿಗೆ ಒಯ್ದು, ಮೂಗಿನ ಮುಂದೆ ಮೈಕು ಇಟ್ಟಳು. ನಾನು ಹೊಸ ಸೀರೆ ಉಟ್ಟು ಹೋಗಿದ್ದೆ. ಹದಿನಾಲ್ಕು ರೊಟ್ಟಿ ಬಡಿದೆ. ರೊಟ್ಟಿಯೇನೋ ಚಂದ್ರಮನ ಹಾಗೆ ಬಂದವು. ಬಡಿತ ಮಾತ್ರ ಪರೀಕ್ಷೆಗೆ ಕೂತವರ ಎದೆಯ ಹಾಗೆ ಒಮ್ಮೆ ಜೋರು, ಒಮ್ಮೆ ಇಲ್ಲ. ಹದಿನಾಲ್ಕನ್ನೂ ಅವನು ಮನೆಗೆ ಕಟ್ಟಿಸಿಕೊಂಡು ಹೋದ. ಮೊದಲಿನ ತಪ್ಪೇ ಆಲ್ಬಮ್ಮಿಗೆ ಹೋಯಿತು. ನಾನು ಮೂರನೆಯ ರೊಟ್ಟಿ ನಿಲ್ಲಿಸಿದ ಕಡೆ ಹಾಡೂ ತಟ್ಟನೆ ನಿಲ್ಲುತ್ತದೆ.

ಅಪ್ಪನಿಗೆ ಇದನ್ನು ಹೇಳಬಾರದು ಅಂತ ಅವಳು ನನ್ನಿಂದ ಆಣೆ ಹಾಕಿಸಿಕೊಂಡಳು. ಹೇಳಿದರೆ ಅವನು, ಎಂಟು ತಿಂಗಳು ಮಾಡಿದ್ದು ಇದನ್ನೇನು, ರೊಟ್ಟಿಯನ್ನಾ, ಅನ್ನುತ್ತಾನೆ ಅಂತ ಅವಳ ಹೆದರಿಕೆ. ನಾನು ಬಾಯಿಗೆ ಬೀಗ ಹಾಕಿದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ವ್ರತ ಬೇರೆ ಮಾಡಿಲ್ಲ.

ಆಲ್ಬಮ್ ಬಿಡುಗಡೆ ಅಂದರೆ ಪೆಟ್ಟಿಗೆ, ಹಾರ, ಕಾಯಿ ಒಡೆಯುವುದು ಏನೂ ಇಲ್ಲ. ಅವಳು ಒಂದು ಗುಂಡಿ ಒತ್ತಿದಳು, ಆಯಿತು ಅಂದಳು. ನಾನು ಆ ಕಂಪ್ಯೂಟರಿಗೇ ಕುಂಕುಮ ಹಚ್ಚಿದೆ. ಎರಡು ದಿನ ಏನೂ ಇಲ್ಲ. ನಾನು ತಾಸಿಗೊಮ್ಮೆ, ಏನಂದರು, ಅಂತ ಕೇಳುವುದು, ಅವಳು ಏನೂ ಇಲ್ಲ ಅನ್ನುವುದು. ಚಳಿಗಾಲ ಮುಗಿಯಲು ಮೂರು ವಾರ ಇತ್ತು. ಆಫೀಸಿಗೆ ಹಾಕಿಕೊಂಡು ಹೋಗುವ ಕರಿ ಬೂಟನ್ನು ಅವಳು ಕಪಾಟಿನಿಂದ ತೆಗೆದು ಒರೆಸಿಟ್ಟದ್ದನ್ನು ನಾನು ನೋಡಿದೆ. ನೋಡಿದೆ ಅಂತ ಹೇಳಲಿಲ್ಲ.

ಮೂರನೆಯ ದಿನ ಒಂದು ರೇಡಿಯೋದವರು ಏಳನೆಯ ಹಾಡು ಹಚ್ಚಿದರು. ಮರುದಿನ ಮತ್ತೆ ಹಚ್ಚಿದರು. ಆಮೇಲೆ ತೂಬು ತೆಗೆದ ಹಾಗೆ ಶುರುವಾಯಿತು. ಬರೆಯುವವರು ಬರೆದರು, ಕೇಳುವವರು ಜಗಳಾಡಿದರು, ಮೊಮ್ಮಗಳು ಓದಿ ಓದಿ ನನಗೆ ಅರ್ಥ ಹೇಳಿದಳು. ಗ್ಯಾರೇಜಿನಲ್ಲಿ ಮಾಡಿದ್ದಾದರೂ ಪಕ್ಕದಲ್ಲಿ ಕೂತು ಹಾಡಿದ ಹಾಗಿದೆ, ದನಿಯ ಕೆಲಸ ಮಾಡಿದವರ ಕೈ ದೊಡ್ಡದು, ಅಂತ ಒಬ್ಬ ಬರೆದಿದ್ದ. ಅದನ್ನು ನಾನು ನಾಲ್ಕು ಸಲ ಓದಿಸಿದೆ. ಇನ್ನೊಬ್ಬ, ಆಲ್ಬಮ್ಮಿನಲ್ಲಿ ಎರಡು ಹಾಡು ಹೆಚ್ಚಾದವು, ಮೂರನೆಯದರಲ್ಲಿ ಗಂಟಲು ಒಡೆದಿದೆ ಅಂದಿದ್ದ. ನನಗೆ ಸಿಟ್ಟು ಬಂತು. ನೈಜೀರಿಯಾದವನು ನಕ್ಕು, ಆ ಮನುಷ್ಯ ಹೇಳಿದ್ದು ಖರೆ ಅಂದ.

ದೊಡ್ಡ ಜಗಳ ನನ್ನ ರೊಟ್ಟಿಯದು. ಈ ದೇಶದ ಪಂಡಿತನೊಬ್ಬ, ಗಾಯಕ ತನ್ನ ತಾಯ್ನೆಲದ ಹಳೆಯ ಚರ್ಮವಾದ್ಯವನ್ನು ಬಳಸಿದ್ದಾನೆ ಅಂತ ಬರೆದ. ಗಾಯಕನ ದೇಶದ ಮಂದಿ ಅದರ ಕೆಳಗೆ ಸಾಲುಗಟ್ಟಿ, ನಮ್ಮಲ್ಲಿ ಇಂಥ ವಾದ್ಯವೇ ಇಲ್ಲ ಅಂದರು. ನಡುನಡುವೆ ಕೇಳುವ ಸಣ್ಣ ಗಂಟೆ ಯಾವುದು ಅಂತ ಒಬ್ಬ ಕೇಳಿದ್ದ. ಅದು ನನ್ನ ಬಳೆ. ಕೊನೆಯಲ್ಲಿ ತಟ್ಟನೆ ಬರುವ ಮೌನ ಸಮುದ್ರದಾಚೆಯ ತಾಯಿಗೂ ಮಗನಿಗೂ ನಡುವಿನ ಅಗಲ ಅಂತ ಒಬ್ಬರು, ಅಲ್ಲ, ಅದು ಫೋನು ಕಡಿದುಹೋಗುವ ಗಳಿಗೆ ಅಂತ ಇನ್ನೊಬ್ಬರು. ಮೊಮ್ಮಗಳು ತನ್ನ ಕೈ ನೋಡಿಕೊಂಡು ನಕ್ಕಳು. ಆ ಮೌನ ಅವಳು ನನ್ನ ಮುಂಗೈ ಹಿಡಿದದ್ದು.

ಸರಿಯಾಗಿ ಹೇಳಿದವಳು ಒಬ್ಬಳೇ, ಅವನ ತಾಯಿ. ವಿಡಿಯೋದಲ್ಲಿ ಮಗನೊಂದಿಗೆ ಮಾತಾಡುವಾಗ ಮೊದಲು ಕೇಳಿದ್ದೇ, ನಿನ್ನ ಹಾಡಿನಲ್ಲಿ ಅಡುಗೆ ಮಾಡುತ್ತಿರುವ ಹೆಂಗಸು ಯಾರು, ನಿನಗೆ ಉಣಿಸಿದಳಾ ಇಲ್ಲವಾ, ಅಂತ. ಅವನು ಫೋನು ತಂದು ನನ್ನ ಮುಂದೆ ಹಿಡಿದ. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. ನಾನು ರೊಟ್ಟಿ ತೋರಿಸಿದೆ. ಅವಳು ತನ್ನ ಬಾಣಲೆ ತೋರಿಸಿದಳು. ಹತ್ತು ನಿಮಿಷ ಭಾಳ ಮಾತಾಡಿದೆವು.

ಇಷ್ಟಾದರೂ ಮಗ ಒಪ್ಪಿರಲಿಲ್ಲ. ಮಗಳು ಕಳಿಸಿದ ಬರಹಗಳನ್ನು ಕ್ರೈಸ್ಟ್‌ಚರ್ಚಿನಲ್ಲಿ ಕೂತು ಓದಿ, ನೋಡೋಣ, ಅಂತ ಒಂದು ಶಬ್ದ ಬರೆದಿದ್ದ. ಹಾಡು ಮಾತ್ರ ಕೇಳಿರಲಿಲ್ಲ. ಆಮೇಲೆ ಕೇಳುತ್ತೇನೆ ಅನ್ನುವುದು ಅವನ ಹಟ, ಸಣ್ಣಂದಿನದು. ಆ ಕರಿ ಬೂಟು ಬಾಗಿಲ ಹತ್ತಿರವೇ ಇದ್ದವು.

ಶುಕ್ರವಾರ ಸಂಜೆ ಅವನು ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಬರುವುದು ತಡವಾಯಿತು. ಬಂದವನು ಬ್ಯಾಗು ಇಟ್ಟು, ಕೋಟು ತೆಗೆಯದೆ, ನೇರವಾಗಿ ಅಡುಗೆಮನೆಗೆ ಬಂದು ನಿಂತ. ನಾನು ಹಂಚಿನ ಮುಂದಿದ್ದೆ, ಮೊಮ್ಮಗಳು ತಟ್ಟೆ ಇಡುತ್ತಿದ್ದಳು.

“ಅವ್ವಾ, ಮೂರನೇ ರೊಟ್ಟಿ ಯಾಕ ಅರ್ಧಕ್ಕ ಬಿಟ್ಟಿ?”

ನಾನು ಹಂಚಿನ ಕಡೆ ನೋಡಿದೆ. ಮೂರನೆಯ ರೊಟ್ಟಿ ಅದರ ಮೇಲೇ ಇತ್ತು. ಅವನು ರಸ್ತೆಯಲ್ಲಿ ರೇಡಿಯೋ ಹಚ್ಚಿದ್ದನಂತೆ. ಯಾರೋ ಗಡಗಡ ಮಾತಾಡುತ್ತಿದ್ದ, ಬಂದ್ ಮಾಡೋಣ ಅಂತ ಕೈ ಚಾಚಿದಾಗ ಎರಡು ಸಣ್ಣ, ಒಂದು ದೊಡ್ಡ, ಸರ್, ಕಿಣ್. ಕಾರು ಬದಿಗೆ ಹಾಕಿ ಕೊನೆಯವರೆಗೆ ಕೇಳಿದನಂತೆ. ಹೆಸರು ಹೇಳಿದಾಗಲೇ ಅದು ಮಗಳು ಮಾಡಿದ್ದು ಅಂತ ತಿಳಿದದ್ದು. ಬೇರೆಯವರ ರೊಟ್ಟಿ ಬೇರೆ ತರಹ ಸಪ್ಪಳ ಮಾಡುತ್ತದೆ, ಇದು ನಮ್ಮ ಅವ್ವನದು ಅಂತ ಗೊತ್ತಾಗಲು ನನಗೆ ಯಾವ ಪಂಡಿತ ಬೇಕು ಅಂದ. ಇನ್ನೂ ನಾಲ್ಕು ಬಡಿತ ಇತ್ತು, ಅಂಚು ದಪ್ಪ ಉಳಿಯಿತು ಅಂತಲೂ ಅಂದ. ಅದು ನಿಜವೇ.

“ನಾನಽ ಕೈ ಹಿಡದೆ, ಪಪ್ಪಾ,” ಅಂದಳು ಮೊಮ್ಮಗಳು. ಅವಳು ಅಪ್ಪನಿಗೆ ಕನ್ನಡದಲ್ಲಿ ಮಾತಾಡಿದ್ದು ನಾನು ಕೇಳಿ ಬಹಳ ದಿನವಾಗಿತ್ತು.

“ಬರೇ ಅವ್ವನ ಸಪ್ಪಳ ಅಲ್ಲ,” ಅಂದ ಅವನು. “ಆ ಅಡುಗೆಮನಿ ಕಾರ್‌ನ್ಯಾಗ ಬಂದಿತ್ತು. ಹೆಂಗ ಮಾಡಿದಿ ಅದನ್ನ?”

ಅವಳು ಹೇಳತೊಡಗಿದಳು. ಗೋಡೆ, ಮೈಕು, ಪುಟಿಯುವ ದನಿ, ಕೌದಿ, ನಾಲ್ಕನೆಯ ಗೋಡೆ ಬರಿದಿದ್ದದ್ದಕ್ಕೆ ರೊಟ್ಟಿ ಒಳಗೆ ಬಂದದ್ದು. ಅವನು ಸೇತುವೆಯ ನಕ್ಷೆ ನೋಡುವ ಹಾಗೆ ಹುಬ್ಬು ಗಂಟಿಕ್ಕಿ ಕೇಳಿದ. ಮಾತು ಮುಗಿಯುವ ಮೊದಲೇ ಎದ್ದು ಮೇಲೆ ಹೋದ. ಕೆಳಗೆ ಬಂದಾಗ ಅವನ ಹೆಗಲ ಮೇಲೆ ಕೌದಿ ಇತ್ತು, ಕೈಯಲ್ಲಿ ಸುತ್ತಿಗೆ. ಗ್ಯಾರೇಜಿಗೆ ಹೋಗಿ ನಾಲ್ಕನೆಯ ಗೋಡೆಗೆ ತಾನೇ ಮೊಳೆ ಹೊಡೆದ. ಇಂಜಿನಿಯರು ಹೊಡೆದರೂ ಸೊಟ್ಟಗೇ ಬಂತು. ಮೂಲೆಯಲ್ಲಿ ಅವರಪ್ಪನ ಪಟ್ಟಾಪಟ್ಟಿ ಚಡ್ಡಿ ಎಲ್ಲರಿಗೂ ಕಾಣುತ್ತದೆ. ಆಫೀಸಿಗೆ ಬರುವುದಿಲ್ಲ ಅಂತ ಬರೆದು ಹಾಕು, ಪಾಪ, ಅವರು ಕಾಯುತ್ತಿರುತ್ತಾರೆ, ಅಂತ ಮೊಳೆ ಬಾಯಲ್ಲಿ ಹಿಡಿದುಕೊಂಡೇ ಹೇಳಿದ. ಮೊಮ್ಮಗಳು ಏಣಿ ಹಿಡಿದಿದ್ದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ನನ್ನ ಕಣ್ಣೇ ಮಂಜಾಗಿದ್ದರಿಂದ ಕಾಣಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆಯ ಗಂಟೆ ಬಡಿದುಕೊಂಡಿತು.

ಕರಿ ಬೂಟು ಈಗ ನನ್ನ ಕಾಲಿಗೆ ಬಂದಿವೆ, ಹಿತ್ತಿಲಲ್ಲಿ ಮೆಂತೆ ಕೀಳಲು ಚಲೋ ಆಗಿವೆ. ಮಗ ಅಂಗಡಿಯಿಂದ ತಂದ ಮೆತ್ತನೆಯ ಹೊದಿಕೆ ಹೊದ್ದು, ಇದರಲ್ಲಿ ಭಾರವೇ ಇಲ್ಲ, ನಿದ್ದೆ ಬರುವುದಿಲ್ಲ ಅಂತ ಗೊಣಗುತ್ತಾನೆ. ನಾನು ಅವನಿಗೆ ಇನ್ನೊಂದು ಹೊಲಿಯಲು ಹಳೆಯ ಸೀರೆ ಬಿಚ್ಚಿದ್ದೇನೆ.

ಹೋದ ಶನಿವಾರ ನೈಜೀರಿಯಾದವನು ಬಂದ. ಬಾಗಿ ನೆಲ ಮುಟ್ಟಿ, ನನ್ನ ಆರೋಗ್ಯ ಕೇಳಿ, ಗ್ಯಾರೇಜಿಗೆ ಹೋದವನು ನಾಲ್ಕನೆಯ ಕೌದಿ ಕಂಡು ಗಾಬರಿಯಾದ. ಇನ್ನು ಆಚೆಯ ಸಪ್ಪಳ ಬರುವುದೇ ಇಲ್ಲವಲ್ಲ ಅಂದನಂತೆ. ಮೊಮ್ಮಗಳು ಅದಕ್ಕೇ ತಾನೇ ಹಾಕಿದ್ದು ಅಂದಳಂತೆ. ಬಾಗಿಲ ಹಿಡಿಕೆಯಲ್ಲಿ ಹೊಸ ಖಣ ಇತ್ತು, ಹಾಗಾಗಿ ನಾನು ಕೈಕಟ್ಟಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲು ತುಸು ತೆರೆಯಿತು. ಅವನ ಕೈ ಹೊರಗೆ ಬಂದು, ಹಿಡಿಕೆಯ ಖಣವನ್ನು ಮೆಲ್ಲಗೆ ತೆಗೆದು ನನ್ನ ಕಡೆ ನೀಡಿತು. ಒಳಗೆ ನೋಡಿದರೆ ಅವನು ಇನ್ನೊಂದು ಕೈಯಲ್ಲಿ ಕೌದಿಯ ಮೂಲೆಯನ್ನು, ಆ ಪಟ್ಟಾಪಟ್ಟಿಯ ಮೂಲೆಯನ್ನು, ಎತ್ತಿ ಹಿಡಿದು ನಿಂತಿದ್ದಾನೆ. ನಾನು ಎಸರಿಗೆ ನೀರಿಟ್ಟೆ.